ಕೀಲಿಮಣೆಯ ತೊಡಕು ನೀಗಿದ ಬಗೆ

ಕನ್ನಡ ಬೆರಳಚ್ಚು ಯಂತ್ರದಲ್ಲಿ ದುಡಿದವರಿಗೆ ಅದರ ಪಾಡು ಗೊತ್ತು. ತಲೆಕಟ್ಟು, ಕೊಂಬು, ಒತ್ತು ಇವನ್ನೆಲ್ಲ ಬೇರೆ ಬೇರೆ ಕೀಲಿಗಳಿಂದ ಹೊಡೆದು ಜೋಡಿಸಬೇಕಿತ್ತು. ಕೀಲಿಗಳ ಸ್ಥಾನ ಬಾಯಿಪಾಠವಾಗಲು ತಿಂಗಳುಗಳೇ ಹಿಡಿಯುತ್ತಿದ್ದವು.

ಗಣಕಯಂತ್ರದಲ್ಲಿ ಈ ತೊಡಕನ್ನು ಬಿಡಿಸಿದವರು ನೆರೆಯ ದಕ್ಷಿಣ ಕನ್ನಡದ ಕಿನ್ನಿಕಂಬಳ ಪದ್ಮನಾಭ ರಾಯರು, ಕೆ.ಪಿ. ರಾವ್ ಎಂದೇ ಪ್ರಸಿದ್ಧರು. ಅವರು ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಆಧಾರವಾಗಿ ಹಿಡಿದರು. ‘ಕೆ’ ಅದುಮಿದರೆ ಕ, ‘ಎನ್’ ಅದುಮಿದರೆ ನ. ಒತ್ತಕ್ಷರ ಬೇಕಾದಲ್ಲಿ ನಡುವೆ ‘ಎಫ್’. ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಕೀಲಿ ಅದುಮಿದರೆ ‘ಕನ್ನಡ’ ಮೂಡುತ್ತದೆ. ಒತ್ತನ್ನು ಎಲ್ಲಿ ಕೂರಿಸಬೇಕೆಂಬ ಚಿಂತೆ ಯಂತ್ರದ್ದು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ವರ್ಣಮಾಲೆ ಅಡಗಿತು. ಕರ್ನಾಟಕ ಸರಕಾರವು ಈ ವಿನ್ಯಾಸವನ್ನು ಅಂಗೀಕರಿಸಿತು. 2013ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ರಾಯರಿಗೆ ನಾಡೋಜ ಗೌರವವನ್ನಿತ್ತಿತು.

ಕಾಸರಗೋಡಿನ ಕನ್ನಡಿಗರಾದ ನಮಗೆ ಇದು ಬರಿಯ ಸೌಕರ್ಯದ ವಿಚಾರವಾಗಿ ಉಳಿದಿಲ್ಲ. ಶಾಲೆಯಲ್ಲಿ ಕನ್ನಡ ಕಲಿತ ಮಕ್ಕಳೂ ಮೊಬೈಲಿನಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವುದನ್ನು ನಾವು ನಿತ್ಯ ಕಾಣುತ್ತೇವೆ. ಕೇಳಿದರೆ, “ಕನ್ನಡದಲ್ಲಿ ಒತ್ತುವುದು ಕಷ್ಟ ಸಾರ್” ಎಂಬ ಉತ್ತರ. ಕಷ್ಟವೆಂದು ನಮ್ಮ ಲಿಪಿಯನ್ನು ನಾವೇ ಕೈಬಿಟ್ಟರೆ, ಕಚೇರಿಯ ಅರ್ಜಿ ನಮೂನೆಯನ್ನು ಕನ್ನಡದಲ್ಲಿ ಕೊಡಿರೆಂದು ಕೇಳುವ ಮಾತಿಗೆ ಬಲವೆಲ್ಲಿ?

ಹೆತ್ತವರು ಮಕ್ಕಳ ಮೊಬೈಲಿನಲ್ಲಿ ಕನ್ನಡ ಕೀಲಿಮಣೆಯನ್ನು ಅಳವಡಿಸಿ, ದಿನಕ್ಕೆ ನಾಲ್ಕು ಸಾಲು ಬರೆಯಿಸಲಿ. ಬೆರಳು ಎಲ್ಲಿ ತಡವರಿಸುತ್ತದೆಂದು ಗಮನಿಸಲಿ. ಆ ತಡವರಿಕೆಯನ್ನು ನೀಗುವ ಉಪಾಯ ನಮ್ಮ ಮಕ್ಕಳಲ್ಲೇ ಒಬ್ಬರಿಗೆ ನಾಳೆ ಹೊಳೆಯಬಾರದೇಕೆ?