ಬೈಕಿನಲ್ಲಿ ದೇಶದ ಗಡಿ ದಾಟಲು ಯಾವ ಕಾಗದ ಬೇಕು?



ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರಿಗೆ ಬೈಕ್ ಸವಾರಿ ಎಂದರೆ ಸಾಮಾನ್ಯವಾಗಿ ಘಟ್ಟ ಇಳಿಯುವುದು. ಆಗುಂಬೆ, ಹುಲಿಕಲ್ ಘಾಟಿಗಳ ತಿರುವುಗಳಲ್ಲಿ ಕೈ ಪಳಗಿದವರಿಗೆ ಒಂದಲ್ಲ ಒಂದು ದಿನ ಕಠ್ಮಂಡುವಿನ ಆಸೆ ಹುಟ್ಟುತ್ತದೆ. ಅಲ್ಲಿನ ಪಶುಪತಿನಾಥನ ಗುಡಿಯಲ್ಲಿ ಪೂಜೆ ಮಾಡುವವರು ಕರ್ನಾಟಕದಿಂದ ಹೋದ ಭಟ್ಟರು ಎಂದು ಕೇಳಿದ ಮೇಲಂತೂ ಆ ಊರು ಇನ್ನಷ್ಟು ಹತ್ತಿರ ಎನಿಸುತ್ತದೆ. ಎಂಜಿನ್ ಆಯಿಲ್, ಟೈರು, ಚೈನು ಎಲ್ಲವನ್ನೂ ನೀವು ನೋಡಿಕೊಳ್ಳುತ್ತೀರಿ. ಆದರೆ ಎರಡು ಸಾವಿರ ಕಿಲೋಮೀಟರ್ ಓಡಿಸಿಕೊಂಡು ಹೋದ ಬೈಕನ್ನು ಗಡಿಯಲ್ಲಿ ನಿಲ್ಲಿಸುವುದು ಪಂಕ್ಚರ್ ಅಲ್ಲ, ಕಾಗದ.

ಗಡಿಯ ಅಧಿಕಾರಿ ತಿಳಿಯಬಯಸುವುದು ಮೂರೇ ಸಂಗತಿ. ಬಂದವನು ಯಾರು? ವಾಹನ ಯಾರದು? ಆ ವಾಹನ ತಿರುಗಿ ಹೋಗುತ್ತದೆಯೋ ಅಥವಾ ಇಲ್ಲೇ ಮಾರಾಟವಾಗುತ್ತದೆಯೋ? ಮೊದಲ ಎರಡಕ್ಕೆ ಉತ್ತರ ಎಲ್ಲರ ಬಳಿಯೂ ಇರುತ್ತದೆ ಎಂದುಕೊಳ್ಳುತ್ತೇವೆ. ಎಡವುವುದು ಅಲ್ಲಿಯೇ.

ನಮ್ಮ ಹೆಸರುಗಳನ್ನೇ ನೋಡಿ. ಶಾಲೆಯ ದಾಖಲೆಯಲ್ಲಿ ಒಬ್ಬ ಹುಡುಗ ಟಿ.ಎನ್. ಮಂಜುನಾಥ. ಟಿ ಎಂದರೆ ತೀರ್ಥಹಳ್ಳಿ, ಎನ್ ಎಂದರೆ ತಂದೆ ನಾರಾಯಣಪ್ಪ. ಡ್ರೈವಿಂಗ್ ಲೈಸೆನ್ಸಿನಲ್ಲಿ ಅವನೇ ಮಂಜುನಾಥ ಟಿ.ಎನ್. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ಅವನ ಹೆಸರಿನೊಳಗೆ ಊರು, ತಂದೆ ಎಲ್ಲರೂ ಬಂದು ಕೂರುತ್ತಾರೆ. ಇನ್ನು ತೀರ್ಥಹಳ್ಳಿಯನ್ನು ಇಂಗ್ಲಿಷಿನಲ್ಲಿ 'ಟಿ'ಯ ಮುಂದೆ 'ಎಚ್' ಸೇರಿಸಿ ಬರೆಯುವವರೂ ಇದ್ದಾರೆ, ಬಿಟ್ಟು ಬರೆಯುವವರೂ ಇದ್ದಾರೆ. ಜಿಲ್ಲೆಯ ಹೆಸರು 2014ರ ನವೆಂಬರ್ 1ರವರೆಗೆ ಇಂಗ್ಲಿಷಿನಲ್ಲಿ ಶಿಮೊಗಾ, ಆಮೇಲೆ ಶಿವಮೊಗ್ಗ. ಇವೆಲ್ಲ ಒಂದೇ ಎಂದು ನಮಗೆ ಗೊತ್ತು. ಪರದೇಶದ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಅವನ ಕಣ್ಣಿಗೆ ಇವರು ಇಬ್ಬರು ಮಂಜುನಾಥರು. ಆದ್ದರಿಂದ ಮೊದಲು ಪಾಸ್‌ಪೋರ್ಟಿನ ಹೆಸರನ್ನು ಸರಿಮಾಡಿಕೊಂಡು, ಲೈಸೆನ್ಸ್ ಮತ್ತು ಆರ್.ಸಿ. ಕಾರ್ಡನ್ನು ಅದಕ್ಕೆ ಹೊಂದುವಂತೆ ತಿದ್ದಿಸಿಕೊಳ್ಳಿ. ಹೊರಡುವ ವಾರದಲ್ಲಿ ಆಗುವ ಕೆಲಸ ಇದಲ್ಲ.

ಬೈಕ್ ಯಾರ ಹೆಸರಿನಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಕೆ.ಎ. 15 ಎಂದು ಸಾಗರದಲ್ಲಿ ನೋಂದಣಿಯಾದ ಎಷ್ಟೋ ಬೈಕುಗಳನ್ನು ಓಡಿಸುವವನು ಮಗ, ಆರ್.ಸಿ.ಯಲ್ಲಿರುವುದು ಅಪ್ಪಯ್ಯನ ಹೆಸರು. ಊರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಗಡಿಯಲ್ಲಿ ಮಾಲೀಕರ ಸಹಿಯಿರುವ ಅನುಮತಿ ಪತ್ರ ಬೇಕಾಗುತ್ತದೆ. ಅದನ್ನು ನೋಟರಿ ಮಾಡಿಸಿ, ಇಂಗ್ಲಿಷಿನಲ್ಲಿ ಇಟ್ಟುಕೊಳ್ಳುವುದು ಲೇಸು. ಸಾಲದ ಮೇಲೆ ಕೊಂಡ ಬೈಕಾಗಿದ್ದರೆ ಸಾಲ ಕೊಟ್ಟವರ ಒಪ್ಪಿಗೆ ಪತ್ರವೂ ಜೊತೆಗಿರಲಿ. ಆರ್.ಸಿ.ಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್‌ಗಳನ್ನು ಬೈಕಿನ ಮೇಲಿರುವ ಅಂಕಿಗಳೊಡನೆ ಒಮ್ಮೆ ನೀವೇ ಹೋಲಿಸಿ ನೋಡಿ. ಮಲೆನಾಡಿನ ಕೆಸರು ಮೆತ್ತಿದ ಚಾಸಿಯ ಮೇಲೆ ಅಂಕಿ ಕಾಣುವುದೇ ಕಷ್ಟ. ಸೀಮೆಎಣ್ಣೆಯಲ್ಲಿ ಒರೆಸಿದರೆ ಕಂಡೀತು.

ನೇಪಾಳದ ಮಟ್ಟಿಗೆ ಭಾರತೀಯರಿಗೆ ಒಂದು ಅನುಕೂಲವಿದೆ. ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೂ ಚುನಾವಣಾ ಆಯೋಗದ ಗುರುತಿನ ಚೀಟಿ ಸಾಕು. ಆದರೆ 15ರಿಂದ 65 ವರ್ಷದ ನಡುವಿನವರು ಆಧಾರ್ ಕಾರ್ಡ್ ಒಂದನ್ನೇ ನಂಬಿ ಹೋಗುವಂತಿಲ್ಲ. 15ರಿಂದ 18ರ ನಡುವಿನವರಿಗೆ ಮತದಾರರ ಚೀಟಿ ಎಲ್ಲಿಂದ ಬರಬೇಕು? ಅವರಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪ್ರಮಾಣಪತ್ರ ನಡೆಯುತ್ತದೆ. ಅಣ್ಣನ ಬೈಕಿನ ಹಿಂದಿನ ಸೀಟಿನಲ್ಲಿ ಕುಳಿತು ಹೊರಡುವ ಪಿ.ಯು.ಸಿ. ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. ಗೋರಖಪುರದ ಕಡೆಯ ಸುನೌಲಿ ಅಥವಾ ಬಿಹಾರದ ರಕ್ಸೌಲ್ ದಾಟಿದೊಡನೆ ನೇಪಾಳದ ಸುಂಕದ ಕಟ್ಟೆ ಸಿಗುತ್ತದೆ. ಅಲ್ಲಿ ಎಷ್ಟು ದಿನ ಇರುತ್ತೀರೆಂದು ಹೇಳಿ, ದಿನದ ಲೆಕ್ಕದಲ್ಲಿ ಹಣ ಕಟ್ಟಿ 'ಭನ್ಸಾರ್' ಚೀಟಿ ಪಡೆಯಬೇಕು. ಮೂರನೆಯ ಪ್ರಶ್ನೆಗೆ ಉತ್ತರ ಈ ಚೀಟಿ. ಅವಧಿ ಮೀರಿದರೆ ದಂಡ. ಭೂಕುಸಿತದಿಂದ ರಸ್ತೆ ಕಟ್ಟುವುದು ಅಲ್ಲಿ ಸಾಮಾನ್ಯವಾದ್ದರಿಂದ ಒಂದೆರಡು ದಿನ ಹೆಚ್ಚಿಗೆ ಬರೆಸುವುದು ಜಾಣತನ.

ವಿಮೆಯನ್ನು ಎಲ್ಲರೂ ಮರೆಯುತ್ತಾರೆ. ನಿಮ್ಮ ಪಾಲಿಸಿ ಸಾಧಾರಣವಾಗಿ ಭಾರತದೊಳಗೆ ಮಾತ್ರ ಊರ್ಜಿತ. ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್‌ಗಳಿಗೆ ಅದನ್ನು ವಿಸ್ತರಿಸಲು ಅವಕಾಶವಿದೆ. ಹೊರಡುವ ಮೊದಲೇ ಹೆಚ್ಚುವರಿ ಕಂತು ಕಟ್ಟಿ ಬರೆಸಿಕೊಳ್ಳಬೇಕು.

ಇನ್ನೂ ದೂರದ ದೇಶಗಳಿಗೆ ಹೋಗುವವರಿಗೆ ಪಾಸ್‌ಪೋರ್ಟ್, ವೀಸಾಗಳಲ್ಲದೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. 1949ರ ಜಿನೀವಾ ಒಪ್ಪಂದದ ಮೇರೆಗೆ ನಮ್ಮ ಆರ್.ಟಿ.ಒ. ಕಚೇರಿಯಲ್ಲಿಯೇ ಇದನ್ನು ಕೊಡುತ್ತಾರೆ. ಶುಲ್ಕ 1,000 ರೂಪಾಯಿ, ಅವಧಿ ಹೆಚ್ಚೆಂದರೆ ಒಂದು ವರ್ಷ. ಎಲ್.ಎಲ್.ಆರ್. ಇರುವವರಿಗೆ ಇದು ಸಿಗದು. ಇದು ನಿಮ್ಮ ಲೈಸೆನ್ಸಿನ ಭಾಷಾಂತರವಿದ್ದಂತೆ, ಮೂಲ ಲೈಸೆನ್ಸ್ ಜೊತೆಗಿರಲೇಬೇಕು. ಚೀನಾದಂಥ ದೇಶ ಇದನ್ನು ಒಪ್ಪುವುದಿಲ್ಲ. ಬೈಕಿನ ಹಿಂದೆ ಬಿಳಿಯ ಮೊಟ್ಟೆಯಾಕಾರದ ಫಲಕದ ಮೇಲೆ ಐ.ಎನ್.ಡಿ. ಎಂಬ ಕಪ್ಪು ಅಕ್ಷರಗಳಿರಬೇಕೆಂಬುದೂ ಅದೇ ಒಪ್ಪಂದದ ನಿಯಮ.

ಎಲ್ಲಕ್ಕಿಂತ ಭಾರವಾದ ಕಾಗದ 'ಕಾರ್ನೆ' ಎಂಬ ಪುಸ್ತಕ. ವಾಹನದ ಪಾಸ್‌ಪೋರ್ಟ್ ಎಂದು ಇದನ್ನು ಕರೆಯುವುದುಂಟು. ನನಗೆ ಆ ಹೋಲಿಕೆ ಅಷ್ಟು ಸರಿಕಾಣದು, ಇದು ಜಾಮೀನು ಪತ್ರ. ನೇಪಾಳ, ಭೂತಾನಗಳಿಗೆ ಇದು ಬೇಡ. ಇರಾನ್, ಆಸ್ಟ್ರೇಲಿಯಾಗಳಂಥ ಕಡೆ ಬೇಕು. ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಇದನ್ನು ಕೊಡುತ್ತದೆ. ನಿಮ್ಮ ಬೈಕ್ ಪರದೇಶದಲ್ಲೇ ಉಳಿದುಬಿಟ್ಟರೆ ಅಲ್ಲಿನ ಆಮದು ಸುಂಕ ಕಟ್ಟುವ ಹೊಣೆ ಆ ಸಂಸ್ಥೆಯದು. ಅದಕ್ಕಾಗಿ ಅದು ನಿಮ್ಮಿಂದ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳುತ್ತದೆ. ಕೆಲವು ದೇಶಗಳಿಗೆ ಈ ಮೊತ್ತ ಬೈಕಿನ ಬೆಲೆಯನ್ನೂ ಮೀರುತ್ತದೆ. ಅಡಿಕೆ ತೋಟದ ಒಂದು ವರ್ಷದ ಹುಟ್ಟುವಳಿಯನ್ನು ಅಪ್ಪಯ್ಯ ಅಲ್ಲಿ ಇಡಬೇಕಾಗಬಹುದು.

ಪುಸ್ತಕದ ಪ್ರತಿ ಹಾಳೆಯಲ್ಲಿ ಮೂರು ತುಂಡು. ಒಳಹೋಗುವಾಗ ಒಂದನ್ನು, ಹೊರಬರುವಾಗ ಇನ್ನೊಂದನ್ನು ಸುಂಕದವರು ಹರಿದುಕೊಳ್ಳುತ್ತಾರೆ. ಉಳಿಯುವ ಮೂರನೆಯ ತುಂಡಿನ ಮೇಲೆ ಎರಡು ಮುದ್ರೆಯೂ ಬಿದ್ದಿರಬೇಕು. ಹೊರಬರುವ ಮುದ್ರೆ ಇಲ್ಲದಿದ್ದರೆ ಬೈಕ್ ನಿಮ್ಮ ಮನೆಯ ಅಂಗಳದಲ್ಲಿದ್ದರೂ ಲೆಕ್ಕದಲ್ಲಿ ಅದು ಇನ್ನೂ ಅಲ್ಲೇ ಇದೆ. ಕೆಟ್ಟುಹೋದ ಬೈಕನ್ನು ಅಲ್ಲೇ ಬಿಟ್ಟು ಬರುವಂತಿಲ್ಲ, ಗುಜರಿಗೂ ಮಾರುವಂತಿಲ್ಲ. ಆದಕಾರಣ ಕತ್ತಲಾಗಲಿ, ಮಳೆಯಾಗಲಿ, ಹಿಂದಿನ ಲಾರಿಯವನು ಹಾರನ್ ಹೊಡೆಯಲಿ, ಮುದ್ರೆಯನ್ನು ಕಣ್ಣಾರೆ ನೋಡದೆ ಕಿಟಕಿಯಿಂದ ಸರಿಯಬೇಡಿ. ಭಾರತಕ್ಕೆ ಮರಳಿದಾಗಲೂ ನಮ್ಮ ಕಸ್ಟಮ್ಸ್‌ನವರಿಂದ ಮುದ್ರೆ ಹಾಕಿಸಿ, ಪುಸ್ತಕವನ್ನು ಸಂಸ್ಥೆಗೆ ಒಪ್ಪಿಸಬೇಕು. ಠೇವಣಿ ವಾಪಸಾಗುವುದು ಆಮೇಲೆ.