ಗಂಡಸರ ಮೂಳೆ ಸವೆತ: ಔಷಧಗಳನ್ನು ಹೋಲಿಸುವುದು ಹೇಗೆ?

ಗೆಜ್ಜಲಗೆರೆಯಲ್ಲಿ ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಡೇರಿ ಇದೆ. ಹಾಲಿನ ಕ್ಯಾಲ್ಸಿಯಂ ಮೂಳೆಗೆ ಬೇಕೆಂದು ಶಾಲೆಯಲ್ಲಿ ಕಲಿಸುತ್ತೇವೆ. ಹಾಗಾದರೆ ಹಾಲು ಹೇರಳವಾಗಿರುವ ಇಂಥ ಊರಿನ ಗಂಡಸಿಗೂ ಮೂಳೆ ಸವೆತ, ಅಂದರೆ ಆಸ್ಟಿಯೊಪೊರೋಸಿಸ್, ಬರಬಹುದೆ? ಬರಬಹುದು. ಕ್ಯಾಲ್ಸಿಯಂ ಕೇವಲ ಕಚ್ಚಾ ಸಾಮಗ್ರಿ. ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳೂ ಹೊಸದನ್ನು ಕಟ್ಟುವ ಆಸ್ಟಿಯೊಬ್ಲಾಸ್ಟ್ ಕೋಶಗಳೂ ಸದಾ ಕೆಲಸ ಮಾಡುತ್ತಿರುತ್ತವೆ. ವಯಸ್ಸು, ದೀರ್ಘಕಾಲದ ಸ್ಟೆರಾಯ್ಡ್ ಸೇವನೆ, ಮದ್ಯಪಾನ, ಧೂಮಪಾನ, ಟೆಸ್ಟೊಸ್ಟೆರೋನ್ ಕೊರತೆ ಇವುಗಳಿಂದ ಕರಗುವಿಕೆ ಹೆಚ್ಚಾದರೆ ಅಥವಾ ಕಟ್ಟುವಿಕೆ ಕುಗ್ಗಿದರೆ ಮೂಳೆ ದುರ್ಬಲವಾಗುತ್ತದೆ. ಸೊಂಟದ ಮೂಳೆ ಮುರಿದ ನಂತರದ ಒಂದು ವರ್ಷದಲ್ಲಿ ಸಾವಿನ ಪ್ರಮಾಣ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು.

ಔಷಧಗಳು ಮುಖ್ಯವಾಗಿ ಮೂರು ಬಗೆ. ಅಲೆಂಡ್ರೊನೇಟ್, ಜೊಲೆಡ್ರೊನೇಟ್ ಮುಂತಾದ ಬಿಸ್‌ಫಾಸ್ಫೊನೇಟ್‌ಗಳು ಮೂಳೆಯ ಖನಿಜಕ್ಕೆ ಅಂಟಿಕೊಂಡು ಕರಗಿಸುವ ಕೋಶಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮಾಬ್ ಆ ಕೋಶಗಳು ಬೆಳೆಯಲು ಬೇಕಾದ ಸಂಕೇತವನ್ನೇ ತಡೆಯುತ್ತದೆ. ದಿನವೂ ಚುಚ್ಚಿಕೊಳ್ಳಬೇಕಾದ ಟೆರಿಪ್ಯಾರಟೈಡ್ ಕಟ್ಟುವ ಕೋಶಗಳನ್ನು ಪ್ರಚೋದಿಸುತ್ತದೆ.

ಪರಿಣಾಮವನ್ನು ಅಳೆಯಲು ಡೆಕ್ಸಾ ಯಂತ್ರವಿದೆ. ಎರಡು ಬೇರೆ ಶಕ್ತಿಯ ಎಕ್ಸ್-ಕಿರಣಗಳನ್ನು ಮೂಳೆಯೂ ಮಾಂಸವೂ ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ ಮೂಳೆಯ ಪಾಲನ್ನು ಪ್ರತ್ಯೇಕಿಸಬಹುದು. 2000ರಲ್ಲಿ ಪ್ರಕಟವಾದ ಗಂಡಸರ ಪರೀಕ್ಷೆಯೊಂದರಲ್ಲಿ ಅಲೆಂಡ್ರೊನೇಟ್ ಎರಡು ವರ್ಷಗಳಲ್ಲಿ ಬೆನ್ನುಮೂಳೆಯ ಸಾಂದ್ರತೆಯನ್ನು ಶೇ. 7.1ರಷ್ಟು ಏರಿಸಿತು, ಹುಸಿಮಾತ್ರೆ ನುಂಗಿದವರಲ್ಲಿ ಏರಿಕೆ ಶೇ. 1.8. 2012ರ ಪರೀಕ್ಷೆಯಲ್ಲಿ ಡೆನೊಸುಮಾಬ್ ಒಂದು ವರ್ಷದಲ್ಲಿ ಶೇ. 5.7 ಏರಿಸಿತು, ಹುಸಿಮದ್ದಿನವರಲ್ಲಿ ಶೇ. 0.9. ಹಾಗೆಂದು 7.1 ಗೆದ್ದಿತು ಎನ್ನಲಾಗದು. ಅವಧಿ ಬೇರೆ, ರೋಗಿಗಳು ಬೇರೆ. ಹುಸಿಮದ್ದಿನ ಪಾಲನ್ನು ಕಳೆದರೆ ಉಳಿಯುವುದು 5.3 ಮತ್ತು 4.8 ಮಾತ್ರ.

ಸಾಂದ್ರತೆಯೇ ಬಲವಲ್ಲ, ಒಳರಚನೆಯೂ ಮುಖ್ಯ. ಆದ್ದರಿಂದ ಮುರಿತಗಳನ್ನೇ ಎಣಿಸಬೇಕು. 2012ರಲ್ಲಿ ಪ್ರಕಟವಾದ, 1,199 ಗಂಡಸರ ಪರೀಕ್ಷೆಯಲ್ಲಿ ಎರಡು ವರ್ಷಗಳಲ್ಲಿ ಬೆನ್ನುಮೂಳೆಯ ಹೊಸ ಮುರಿತ ಹುಸಿಮದ್ದಿನವರಲ್ಲಿ ಶೇ. 4.9, ಜೊಲೆಡ್ರೊನೇಟ್ ಪಡೆದವರಲ್ಲಿ ಶೇ. 1.6. ಇದನ್ನು 'ಶೇ. 67ರಷ್ಟು ಇಳಿಕೆ' ಎನ್ನಬಹುದು. 'ಸುಮಾರು 30 ಜನರಿಗೆ ಮದ್ದು ಕೊಟ್ಟರೆ ಒಬ್ಬನ ಮುರಿತ ತಪ್ಪುತ್ತದೆ' ಎಂದೂ ಹೇಳಬಹುದು. ಎರಡೂ ನಿಜ, ರೋಗಿಗೆ ಎರಡೂ ತಿಳಿದಿರಬೇಕು.

ಔಷಧ ನಿಲ್ಲಿಸಿದಾಗ ಏನಾಗುತ್ತದೆ ಎಂಬುದೂ ಹೋಲಿಕೆಯ ಭಾಗ. ಬಿಸ್‌ಫಾಸ್ಫೊನೇಟ್ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಡೆನೊಸುಮಾಬ್ ತಪ್ಪಿಸಿದರೆ ಗಳಿಸಿದ ಸಾಂದ್ರತೆ ಬೇಗ ಕರಗಿ, ಕೆಲವರಲ್ಲಿ ಬೆನ್ನುಮೂಳೆ ಹಲವೆಡೆ ಮುರಿಯಬಹುದು; ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಅಮೆರಿಕದ ವೈದ್ಯರ ಕಾಲೇಜು 2023ರಲ್ಲಿ ಗಂಡಸರಿಗೂ ಬಿಸ್‌ಫಾಸ್ಫೊನೇಟನ್ನೇ ಮೊದಲ ಆಯ್ಕೆಯಾಗಿ ಸೂಚಿಸಿತು.

ಹಾಗಾದರೆ ಹಾಲು ವ್ಯರ್ಥವೆ? ಅಲ್ಲ. ಮೇಲಿನ ಪರೀಕ್ಷೆಗಳಲ್ಲಿ ಎರಡೂ ಗುಂಪುಗಳಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಡಲಾಗಿತ್ತು. ಔಷಧದ ಲಾಭ ಅದರ ಮೇಲಿನದು, ಅದರ ಬದಲಿಗಲ್ಲ.