ಗರಿಕೆ ಕೀಳುವವರನ್ನು ಕೇಳಿ, ಲಾನ್ ಬಿತ್ತಿ

ತಿ. ನರಸೀಪುರದಿಂದ ಮೂಗೂರಿನ ಕಡೆ ಹೋಗುವಾಗ ಹೊಲದ ಬದುವಿನ ಮೇಲೆ ಗರಿಕೆ ಬೇರಿನ ರಾಶಿ ಕಂಡಿತು. ಏಪ್ರಿಲ್ ಬಿಸಿಲು. ಉತ್ತು ಮಗುಚಿದ ಹೆಂಟೆಗಳ ನಡುವೆ ಹಿರಿಯರೊಬ್ಬರು ಬಗ್ಗಿ ಬೇರು ಆಯುತ್ತಿದ್ದರು. ನಂಜನಗೂಡಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಗೆಳೆಯನಿಗೆ ಲಾನ್ ಬಿತ್ತಲು ಯಾವ ಕಾಲ ಒಳ್ಳೆಯದು ಎಂದು ಅವರನ್ನೇ ಕೇಳಿದೆ.

‘ಇದ್ನ ದುಡ್ ಕೊಟ್ಟು ಬಿತ್ತಾರಾ?’ ಎಂದು ನಕ್ಕರು. ಆಮೇಲೆ, ‘ಬ್ಯಾಸ್ಗೆಲಿ ಉತ್ತು ಬಿಸ್ಲಿಗ್ ಬಿಟ್ರ ಸಾಯ್ತದ ಸಾರ್. ಮಳೇಲಿ ಕಿತ್ರ ಒಂದು ಹತ್ತಾಯ್ತದ’ ಎಂದರು.

ಸಾಯುವ ಕಾಲ ಗೊತ್ತಾದರೆ ಹುಟ್ಟುವ ಕಾಲ ಹುಡುಕುವುದು ಕಷ್ಟವಲ್ಲ. ಅವರು ಕೈಗಿಟ್ಟ ಬೇರು ಬೆಳ್ಳಗೆ, ಗಟ್ಟಿಯಾಗಿತ್ತು. ಗೆಣ್ಣುಗೆಣ್ಣಿಗೂ ಚೂಪು ಮೊಳಕೆ. ಒಂದೊಂದು ಗೆಣ್ಣೂ ಒಂದೊಂದು ಗಿಡವಾಗುತ್ತದೆ. ಗಣಪನಿಗೆ ಇಪ್ಪತ್ತೊಂದು ಏರಿಸುವುದು, ರೈತ ಶಾಪ ಹಾಕಿ ಕೀಳುವುದು ಎರಡೂ ಇದನ್ನೇ. ಬೀಜದಂಗಡಿಯಲ್ಲಿ ‘ಬರ್ಮುಡಾ’ ಎಂದು ಪೊಟ್ಟಣದಲ್ಲಿ ಮಾರುವುದೂ ಇದೇ ಜಾತಿ. ನನಗಂತೂ ಈ ತಮಾಷೆ ಇನ್ನೂ ಸಾಕಾಗಿಲ್ಲ.

ಲಾನ್ ನಮ್ಮ ಕಡೆಗೆ ಹೊಸದು. ಇಲ್ಲೇ ಸೋಮನಾಥಪುರದ ಹೊಯ್ಸಳ ಗುಡಿ 13ನೇ ಶತಮಾನದ್ದು, ಅದರ ಸುತ್ತಲಿನ ಹುಲ್ಲುಹಾಸು ತೀರಾ ಈಚಿನ ರುಚಿ. ಮನೆಯಂಗಳಕ್ಕೆ ಆ ರುಚಿ ಬಂದದ್ದು ಇನ್ನೂ ಈಚೆಗೆ. ಅದರ ಜೊತೆ ಸೆಪ್ಟೆಂಬರಿನಲ್ಲಿ ಬಿತ್ತಿ ಎನ್ನುವ ವಿಡಿಯೊಗಳೂ ಬಂದವು. ಅದು ಚಳಿದೇಶದ ಹುಲ್ಲಿನ ಲೆಕ್ಕ. ನಮ್ಮ ಗರಿಕೆಗೆ ಬೆಚ್ಚಗಿನ ಮಣ್ಣು ಬೇಕು.

ತಿ. ನರಸೀಪುರ, ನಂಜನಗೂಡು ಎರಡೂ ತಾಲ್ಲೂಕುಗಳಲ್ಲಿ ಜೋರು ಮಳೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲೊಮ್ಮೆ. ನಡುವೆ ಜೂನ್, ಜುಲೈನಲ್ಲಿ ಮೋಡ, ತುಂತುರು. ಗರಿಕೆ ಬೀಜ ರಾಗಿಗಿಂತಲೂ ಸಣ್ಣದು. ಅಕ್ಟೋಬರಿನ ಬಿರುಮಳೆಗೆ ಸಿಕ್ಕರೆ ಚರಂಡಿ ಸೇರುತ್ತದೆ, ಉಳಿದದ್ದು ಬೇರೂರುವಷ್ಟರಲ್ಲಿ ಚಳಿ. ಹಾಗಾಗಿ ನನ್ನ ಮತ ಮೃಗಶಿರಾ, ಆರಿದ್ರ ಮಳೆಗೆ, ಅಂದರೆ ಜೂನ್ ಎರಡನೇ ವಾರದಿಂದ ಜುಲೈ ಮೊದಲ ವಾರದವರೆಗೆ.

ಕೆಲಸ ಮಾತ್ರ ಮೇನಲ್ಲೇ ಶುರುವಾಗಬೇಕು. ಅಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಮಟ್ಟ ಮಾಡಿ ಸುಮ್ಮನೆ ಬಿಡಿ. ಕೃತ್ತಿಕೆ ಮಳೆಗೆ ಕಳೆಯೆಲ್ಲ ಏಳುತ್ತದೆ, ಕಿತ್ತು ಎಸೆಯಿರಿ. ಜೇಕಿನ ಗಡ್ಡೆಯನ್ನಂತೂ ಬುಡಸಮೇತ ತೆಗೆಯಲೇಬೇಕು. ಪುಸ್ತಕದ ಪ್ರಮಾಣ ಹೆಕ್ಟೇರಿಗೆ 25ರಿಂದ 30 ಕಿಲೊ. 200 ಚದರಡಿಗೆ 60 ಗ್ರಾಂ ಸಹ ಆಗದು. ಇರುವೆ ಹೊತ್ತೊಯ್ಯುವುದನ್ನು ನೆನೆದು ಇಮ್ಮಡಿ ಹಾಕಿದರೂ ತಪ್ಪಿಲ್ಲ. ಮರಳಿಗೆ ಬೆರೆಸಿ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿ. ಒಂದರಿಂದ ಮೂರು ವಾರದಲ್ಲಿ ಮೊಳೆಯುತ್ತದೆ, ಅಲ್ಲಿಯವರೆಗೆ ಮೇಲ್ಮಣ್ಣು ಒಣಗಕೂಡದು. ಮೋಡ ಕೈಕೊಟ್ಟ ದಿನ ಹೂಜಲ್ಲಿಯಲ್ಲಿ ನೀರು ಚಿಮುಕಿಸಿ.

ಜುಲೈ ಮಧ್ಯವೂ ದಾಟಿತೆನ್ನಿ, ಬೀಜದ ಹಂಬಲ ಬಿಟ್ಟು ಹೊಲದ ಕಡೆ ನಡೆಯಿರಿ. ರೈತರನ್ನು ಕೇಳಿ ಒಂದು ಚೀಲ ಗರಿಕೆ ಬೇರು ತಂದು ನೆಡಿ. ಬೇಡ ಎನ್ನುವವರು ಯಾರೂ ಸಿಗಲಾರರು.